ಸವೆದ ಮೊಣಕಾಲು

ಅಧ್ಯಾಪಕನ ವೃತ್ತಿಯು ನಾಲಿಗೆಯ ವೃತ್ತಿಯೆಂದು ಲೋಕದ ಭಾವನೆ. ಮೂವತ್ತನಾಲ್ಕು ವರ್ಷ ಆ ಕೆಲಸವನ್ನು ಮಾಡಿದ ಮೇಲೆ ನಾನು ಹೇಳುವುದಾದರೆ ಅದು ಮೊಣಕಾಲಿನ ವೃತ್ತಿ. ಲಿಂಗಸುಗೂರಿನಲ್ಲಿ ಕೆಲವು ವರ್ಷ, ಮಸ್ಕಿಯಲ್ಲಿ ಬಹುಕಾಲ, ಕೊನೆಗೆ ಸಿಂಧನೂರಿನಲ್ಲಿ, ಹೀಗೆ ಒಂದೇ ರಸ್ತೆಯ ಮೇಲಿನ ಮೂರು ಊರುಗಳಲ್ಲಿ ನಿಂತು ನಿಂತು ಮಕ್ಕಳಿಂದ ರಾಮಶಬ್ದವನ್ನು ಹೇಳಿಸಿದೆನು. 2023ರಲ್ಲಿ ನಿವೃತ್ತನಾದಾಗ ಒಂದು ಶಾಲು, ಒಂದು ಗೋಡೆಯ ಗಡಿಯಾರ, ಎರಡು ನೋಯುವ ಮೊಣಕಾಲುಗಳು, ಇಷ್ಟು ನನ್ನ ಪಾಲಿಗೆ ಬಂದವು. ವೈದ್ಯರು ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು, ಎಲುಬುಗಳ ನಡುವಣ ಮೃದ್ವಸ್ಥಿಯು ಸವೆದುಹೋಗಿದೆಯೆಂದರು. ಮೃದು ಎಂಬುದಕ್ಕೆ ಅಸ್ಥಿ ಸೇರಿದರೆ ಮೃದ್ವಸ್ಥಿ. ಯಣ್ ಸಂಧಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಸೇವಾವಧಿಯಲ್ಲಿ ದೊರೆತಿರಲಿಲ್ಲ. ಶಬ್ದದ ಸಂಧಿಯೇನೋ ಸರಿಯಾಗಿದ್ದಿತು. ಕಾಲಿನ ಸಂಧಿ ಕೆಟ್ಟಿದ್ದಿತು.

ಆಗ ನನ್ನ ಮನಸ್ಸು ಒಂದು ಬಗೆಯ ನೆಮ್ಮದಿಗೆ ಬಂದಿದ್ದಿತೆಂದು ಒಪ್ಪಿಕೊಳ್ಳಬೇಕು. ಮಾಡುವುದನ್ನೆಲ್ಲ ಮಾಡಿಯಾಯಿತು, ಇನ್ನು ಕುರ್ಚಿಯಲ್ಲಿ ಕುಳಿತು ಪಂಚಾಂಗ ನೋಡುವುದಷ್ಟೇ ಉಳಿದಿದೆ ಎಂಬ ನೆಮ್ಮದಿ. ಅಂತಹ ನೆಮ್ಮದಿಯಲ್ಲಿರುವವನು ತನ್ನ ಅಳತೆಯಿಂದಲೇ ಇತರರನ್ನೂ ಅಳೆಯುವನು.

ಆ ವರ್ಷದ ದಸರೆಯ ಹೊತ್ತಿಗೆ ಮಸ್ಕಿಯಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಂಧನೂರಿನ ನಮ್ಮ ಮನೆಗೆ ಬಂದಳು. ಒಂಬತ್ತನೆಯ ತರಗತಿ ಮುಗಿಯುತ್ತಲೇ ಆಕೆಯನ್ನು ಶಾಲೆ ಬಿಡಿಸಿ ಮದುವೆ ಮಾಡಿದ್ದರು. ಈಗ ವಯಸ್ಸು ಮೂವತ್ತಾರು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಸಂಸಾರ ತೂಗಿಸುತ್ತಿದ್ದಳು. ಮಗಳು ಹತ್ತನೆಯ ತರಗತಿಯಲ್ಲಿದ್ದಳು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ಆಕೆಯು ಸೆರಗಿನ ತುದಿಯನ್ನು ಹಿಡಿದುಕೊಂಡು, "ಸರ್ರೀ, ನಾನೂ ಹತ್ತನೇದು ಕಟ್ಟಬೇಕಂತ ಮಾಡೀನ್ರಿ. ನೀವು ಒಂದೀಟು ಹೇಳಿಕೊಟ್ರ ಆಗ್ತದ್ರಿ" ಎಂದಳು.

ನಾನು ನಕ್ಕೆನು. "ಈಗ್ಯಾಕವ್ವಾ? ಮಗಳು ಓದಾಕ ಹತ್ಯಾಳಲ್ಲ, ಆಕೀನ ಚಲೋ ಓದಿಸು. ಎಲ್ಲಾದಕ್ಕೂ ಒಂದು ವಯಸ್ಸು ಅಂತ ಇರ್ತದ" ಎಂದುಬಿಟ್ಟೆನು. ಆಕೆಯು "ಹೌದ್ರಿ" ಎಂದು ಚಹ ಕುಡಿದು, ತಂದಿದ್ದ ರೊಟ್ಟಿಯ ಗಂಟನ್ನು ನಮ್ಮ ಮನೆಯವಳ ಕೈಗೆ ಕೊಟ್ಟು ಹೊರಟುಹೋದಳು. ಏಕೆ ಓದಬೇಕೆಂದಿರುವೆಯೆಂದು ನಾನು ಕೇಳಲೇ ಇಲ್ಲ.

ಸಂಕ್ರಾಂತಿ ಕಳೆದ ಬಳಿಕ ಲಿಂಗಸುಗೂರಿನ ಮಗಳ ಮನೆಯಲ್ಲಿದ್ದೆನು. 2024ರ ಜನವರಿ 27, ಶನಿವಾರ. ಹದಿಮೂರು ವರ್ಷದ ಮೊಮ್ಮಗನು ದೂರದರ್ಶನದ ಮುಂದೆ ಕುಳಿತವನು ನನ್ನನ್ನು ಕೂಗಿದನು: "ತಾತಾ, ಲಗೂನ ಬರ್ರಿ. ಇವ್ರ ಮೊಣಕಾಲೂ ನಿಮ್ಮಂಗ ಸವದಾವಂತ. ಆದ್ರೂ ಫೈನಲ್ ಆಡಾಕ ಹತ್ಯಾರ ನೋಡ್ರಿ!" ಪರದೆಯ ಮೇಲೆ ಎತ್ತರದ ಆಳೊಬ್ಬರು, ಗಡ್ಡದಲ್ಲಿ ಅಲ್ಲಲ್ಲಿ ನರೆ, ಚೆಂಡನ್ನು ಮೇಲಕ್ಕೆ ಹಾರಿಸಿ ಹೊಡೆಯುತ್ತಿದ್ದರು. ನಮ್ಮ ಕೊಡಗಿನ ರೋಹನ್ ಬೋಪಣ್ಣನವರು.

ಟೆನಿಸ್ ಆಟದ ವಿಷಯದಲ್ಲಿ ನನಗಿದ್ದ ಜ್ಞಾನ ಶೂನ್ಯವೆಂದರೆ ಸಲ್ಲುವುದು. ಮೊಮ್ಮಗನು ಮರುದಿನ ಅಂಗಳದ ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಿಂದ ಕಣವನ್ನು ಬರೆದು ತೋರಿಸಿದನು. ಉದ್ದ 78 ಅಡಿ. ಒಬ್ಬೊಬ್ಬರೇ ಆಡುವಾಗ ಅಗಲ 27 ಅಡಿ, ಜೋಡಿಯಾಟಕ್ಕೆ ಎರಡು ಪಕ್ಕದಲ್ಲಿಯೂ ನಾಲ್ಕೂವರೆ ಅಡಿ ಸೇರಿ 36. ನಡುವೆ ಮೂರಡಿಯ ಬಲೆ. ಅಂಕಗಳು ಒಂದು, ಎರಡು, ಮೂರು ಎಂದೇ ಏಕೆ ಬರಬಾರದು, ಹದಿನೈದು, ಮೂವತ್ತು, ನಲವತ್ತು ಎಂದು ಏಕೆ ಹಾರಬೇಕು ಎಂದರೆ ಅವನಿಗೂ ತಿಳಿಯದು. ಶಬ್ದಗಳ ಬೆನ್ನು ಹತ್ತುವುದು ನನ್ನ ಹಳೆಯ ಚಾಳಿಯಾದುದರಿಂದ ಕೋಶಗಳಲ್ಲಿ ಹುಡುಕಿದೆನು. ಆಟದ ಹೆಸರೇ ಫ್ರೆಂಚರದು: ಚೆಂಡನ್ನು ಹೊಡೆಯುವಾತನು ಎದುರಾಳಿಗೆ "ತೆನೇ", ಎಂದರೆ "ಹಿಡಿಯಿರಿ" ಎಂದು ಕೂಗಿ ಎಚ್ಚರಿಸುತ್ತಿದ್ದುದರಿಂದ ಟೆನಿಸ್ ಆಯಿತೆಂದು ಪಂಡಿತರು ಹೇಳುವರು. ಅಂಕಗಳು ಸರಿಸಮವಾದಾಗ ಹೇಳುವ "ಡ್ಯೂಸ್" ಎಂಬುದೂ ಅವರ ಎರಡೆಂಬ ಸಂಖ್ಯೆಯಿಂದಲೇ ಬಂದುದು. ಬಹುವಚನದ ಗೌರವದಿಂದ "ಹಿಡಿಯಿರಿ" ಎಂದು ಹೇಳಿ ಆಮೇಲೆ ಹೊಡೆಯುವ ಆಟವೆಂದು ತಿಳಿದ ಮೇಲೆ ನನಗೆ ಅದರಲ್ಲಿ ಆದರವುಂಟಾಯಿತು.

ಬೋಪಣ್ಣನವರ ಜೀವನವನ್ನು ನಾನು ಅಲ್ಲಿಂದೀಚೆಗೆ ಪಾಠದಂತೆ ಓದಿದೆನು. ಜನನ 1980ರ ಮಾರ್ಚಿ 4, ಬೆಂಗಳೂರಿನಲ್ಲಿ. ಬೆಳೆದುದು ಕೊಡಗಿನ ಮಾದಾಪುರದ ಕಡೆ, ತಂದೆಯವರ ಕಾಫಿ ತೋಟದಲ್ಲಿ. ರಾಕೆಟ್ಟು ಹಿಡಿದುದು ಹನ್ನೊಂದನೆಯ ವಯಸ್ಸಿನಲ್ಲಿ. ಈ ಆಟದಲ್ಲಿ ಹೆಸರು ಮಾಡಿದವರಲ್ಲಿ ಅನೇಕರು ನಾಲ್ಕೈದು ವರ್ಷದ ಮಕ್ಕಳಾಗಿದ್ದಾಗಲೇ ಆರಂಭಿಸಿರುವರು. ಆದುದರಿಂದ ಅಕ್ಷರಾಭ್ಯಾಸವೇ ತಡ. 2002ರಲ್ಲಿ ಡೇವಿಸ್ ಕಪ್ ಪಂದ್ಯಗಳಲ್ಲಿ ಭಾರತದ ಪರವಾಗಿ ಮೊದಲು ಆಡಿದರು. 2003ರಿಂದ ಅದೇ ವೃತ್ತಿಯಾಯಿತು. ಒಂಟಿಯಾಟದಲ್ಲಿ ಅವರು ಏರಿದ ಅತ್ಯುನ್ನತ ಸ್ಥಾನ 2007ರ 213. ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಪಾಸು, ಆದರೆ ಫಲಕದ ಮೇಲೆ ಹೆಸರು ಬರೆಯುವಷ್ಟಲ್ಲ. ಅಷ್ಟು ತಿಳಿದ ಮೇಲೆ ಜೋಡಿಯಾಟಕ್ಕೆ ಮನಸ್ಸು ಕೊಟ್ಟರು.

ಜೋಡಿಯಾಟವನ್ನು ಲೋಕವು ಎರಡನೆಯ ಪಂಕ್ತಿಯಲ್ಲಿ ಕೂರಿಸಿದೆ. ಬಹುಮಾನದ ಹಣವೂ ಕಡಿಮೆ, ಪತ್ರಿಕೆಗಳಲ್ಲಿ ಸ್ಥಳವೂ ಕಡಿಮೆ. ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರ ಮುಂದೆ ಸಂಸ್ಕೃತದ ಮಾಸ್ತರನಿಗೆ ಇರುವ ಸ್ಥಾನವನ್ನು ಬಲ್ಲ ನನಗೆ ಇದು ಬೇಗನೆ ಅರ್ಥವಾಯಿತು. ಆದರೆ ಅದರಲ್ಲಿ ಒಂಟಿಯಾಟದಲ್ಲಿಲ್ಲದ ಒಂದು ಕಷ್ಟವುಂಟು. ತನ್ನ ತಪ್ಪನ್ನು ಇನ್ನೊಬ್ಬನು ತಿದ್ದಬೇಕು, ಇನ್ನೊಬ್ಬನ ತಪ್ಪನ್ನು ಮುಖ ಸಿಂಡರಿಸದೆ ತಾನು ತಿದ್ದಬೇಕು. ತಕ್ಕ ಜೊತೆಗಾರನು ದೊರೆಯುವವರೆಗೆ ಎಷ್ಟು ಬಲವಿದ್ದರೂ ಅರ್ಧ ವ್ಯರ್ಥ.

2010ರಲ್ಲಿ ಅವರ ಜೊತೆಗಾರರಾಗಿದ್ದವರು ಲಾಹೋರಿನ ಐಸಾಮುಲ್ ಹಕ್ ಖುರೇಷಿ. ಒಬ್ಬರು ಕೊಡವರು, ಒಬ್ಬರು ಪಾಕಿಸ್ತಾನದವರು. ಯುದ್ಧ ನಿಲ್ಲಿಸಿರಿ, ಟೆನಿಸ್ ಆರಂಭಿಸಿರಿ ಎಂಬ ಬರೆಹವಿದ್ದ ಅಂಗಿಯನ್ನು ತೊಟ್ಟು ಕಣಕ್ಕೆ ಇಳಿಯುತ್ತಿದ್ದರು. ಆ ವರ್ಷ ನ್ಯೂಯಾರ್ಕಿನ ಅಮೇರಿಕನ್ ಓಪನ್ ಪಂದ್ಯಾವಳಿಯಲ್ಲಿ ಕೊನೆಯ ಪಂದ್ಯದವರೆಗೆ ಹೋದರು. ವಿಶ್ವಸಂಸ್ಥೆಯಲ್ಲಿದ್ದ ಎರಡು ದೇಶಗಳ ರಾಯಭಾರಿಗಳೂ ಒಟ್ಟಿಗೆ ಕುಳಿತು ನೋಡಿದರಂತೆ. ಅಮೇರಿಕದ ಬ್ರಯನ್ ಸಹೋದರರು ಎರಡು ಸೆಟ್ಟುಗಳನ್ನೂ ಅತಿ ಸಣ್ಣ ಅಂತರದಿಂದ ಗೆದ್ದರು. ಅದೇ ತಿಂಗಳು ಚೆನ್ನೈಯಲ್ಲಿ ಬ್ರೆಜಿಲಿನ ಮೇಲೆ ಡೇವಿಸ್ ಕಪ್ ಪಂದ್ಯ. ಮೊದಲೆರಡನ್ನು ಸೋತ ಭಾರತವು ಮುಂದಿನ ಮೂರನ್ನೂ ಗೆದ್ದಿತು. ಕೊನೆಯದನ್ನು, ಒಂಟಿಯಾಗಿ ಆಡಿ, ಗೆದ್ದುಕೊಟ್ಟವರು ಈ 213ನೆಯ ಸ್ಥಾನದವರೇ.

ಆಮೇಲಿನ ವರ್ಷಗಳನ್ನು ಬೇಗನೆ ಹೇಳಿ ಮುಗಿಸಬಹುದು. 2011ರಲ್ಲಿ ಖುರೇಷಿಯವರೊಡನೆ, 2012ರಲ್ಲಿ ಮಹೇಶ ಭೂಪತಿಯವರೊಡನೆ ಪ್ಯಾರಿಸಿನ ಮಾಸ್ಟರ್ಸ್ ಪಂದ್ಯಾವಳಿಯನ್ನು ಗೆದ್ದರು. 2013ರಲ್ಲಿ ಎಡ್ವಾರ್ ರೊಜೆ-ವಾಸೆಲಿನ್ ಎಂಬ ಫ್ರೆಂಚ್ ಆಟಗಾರರು ಜೊತೆಯಾದರು. ಅವರೊಡನೆ ವಿಂಬಲ್ಡನ್ನಿನ ಉಪಾಂತ್ಯದವರೆಗೆ ಹೋದರು, ಟೋಕಿಯೋದಲ್ಲಿ ಗೆದ್ದರು. ವಾಚಕರು ಈ ಫ್ರೆಂಚರ ಹೆಸರನ್ನು ಸ್ವಲ್ಪ ನೆನಪಿನಲ್ಲಿಡಬೇಕು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಸಾನಿಯಾ ಮಿರ್ಜಾ ಅವರೊಡನೆ ನಾಲ್ಕನೆಯ ಸ್ಥಾನ. ಪದಕಗಳು ಮೂರೇ ಆದುದರಿಂದ ನಾಲ್ಕನೆಯದರಷ್ಟು ನೋವಿನ ಸ್ಥಾನ ಮತ್ತೊಂದಿಲ್ಲ.

2017ರ ಜೂನಿನಲ್ಲಿ ಪ್ಯಾರಿಸಿನ ರೋಲಾಂ ಗಾರೋಸ್. ಈ ಹೆಸರಿನವನು ಆಟಗಾರನಲ್ಲ, ವಿಮಾನಿಕ. 1913ರಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ಮೊದಲು ಹಾರಿ ದಾಟಿದವನು, 1918ರಲ್ಲಿ ಯುದ್ಧದಲ್ಲಿ ಸತ್ತವನು. ಅಲ್ಲಿಯ ಕಣ ಹುಲ್ಲಿನದಲ್ಲ. ಇಟ್ಟಿಗೆಯನ್ನು ಕುಟ್ಟಿ ಪುಡಿ ಮಾಡಿ ಹಾಸಿದ ಕೆಂಪು ನೆಲ. ನಮ್ಮ ಸಿಂಧನೂರಿನ ಎರೆಭೂಮಿಯಲ್ಲಿ ಬೇಸಗೆಯ ಬಿರುಕಿನೊಳಕ್ಕೆ ಚೆಂಡೇ ಇಳಿದುಹೋದೀತು. ಅಲ್ಲಿ ಬೋಪಣ್ಣನವರು ಕೆನಡಾದ ಗೇಬ್ರಿಯೇಲಾ ಡಬ್ರೋವ್ಸ್ಕಿ ಎಂಬಾಕೆಯೊಡನೆ ಮಿಶ್ರ ಜೋಡಿಯ ಕೊನೆಯ ಪಂದ್ಯವನ್ನಾಡಿ, ಸೋಲಿನ ಅಂಚಿನ ಅಂಕಗಳೆರಡನ್ನು ದಾಟಿ, 12-10ರಿಂದ ಗೆದ್ದರು. ಮೂವತ್ತೇಳನೆಯ ವಯಸ್ಸಿನಲ್ಲಿ ಮೊದಲ ಗ್ರ್ಯಾಂಡ್ ಸ್ಲ್ಯಾಮ್. ಬಹಳ ಮಂದಿ ಅಲ್ಲಿಗೇ ರಾಕೆಟ್ಟನ್ನು ಗೂಟಕ್ಕೆ ತೂಗುಹಾಕುತ್ತಿದ್ದರು.

ಅಷ್ಟರಲ್ಲಿ ಮೊಣಕಾಲುಗಳು ಸವೆದಿದ್ದವು. ಎಲುಬಿನ ನಡುವೆ ನನಗೆ ಸ್ವಲ್ಪವಾದರೂ ಉಳಿದಿದೆಯೆಂದು ವೈದ್ಯರ ಅಭಿಪ್ರಾಯ. ಅವರಿಗೆ ಏನೂ ಉಳಿದಿರಲಿಲ್ಲವಂತೆ. ಸೂಜಿಮದ್ದುಗಳನ್ನು ಚುಚ್ಚಿಸಿಕೊಂಡರು. ಆಮೇಲೆ ಅಯ್ಯಂಗಾರ್ ಪದ್ಧತಿಯ ಯೋಗವನ್ನು ಹಿಡಿದರು. ಇದನ್ನೋದಿದಾಗ ನನಗೆ ಹಿಗ್ಗಾಯಿತು. ಏಕೆಂದರೆ ಬಿ. ಕೆ. ಎಸ್. ಅಯ್ಯಂಗಾರರು 1918ರಲ್ಲಿ ಹುಟ್ಟಿದುದು ಕೋಲಾರದ ಕಡೆಯ ಬೆಳ್ಳೂರಿನಲ್ಲಿ. ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿ ಮುಂತಾದವನ್ನು ಆಸರೆಯಾಗಿ ಕೊಟ್ಟು ಬಾಗದ ಮೈಯನ್ನೂ ಆಸನಕ್ಕೆ ತರುವುದು ಅವರ ರೀತಿ. ಆಸರೆ ಪಡೆಯುವುದು ಅವಮಾನವಲ್ಲವೆಂಬುದನ್ನು ನಾನು ಊರುಗೋಲು ಹಿಡಿಯಲು ನಾಚುತ್ತಿದ್ದ ದಿನಗಳಲ್ಲಿಯೇ ಓದಿದೆನು.

ಆದರೂ 2021 ಕೆಟ್ಟ ವರ್ಷ. ಐದು ತಿಂಗಳ ಕಾಲ ಒಂದು ಪಂದ್ಯವನ್ನೂ ಗೆಲ್ಲಲಾಗದೆ, ಇನ್ನು ಸಾಕು, ಬಿಟ್ಟುಬಿಡುವೆನೆಂದು ಮಡದಿಗೆ ಸಂದೇಶ ಕಳುಹಿಸಿದ್ದರೆಂದು ಮುಂದೆ ಗೆದ್ದ ದಿನ ಅವರೇ ಎಲ್ಲರ ಮುಂದೆ ಹೇಳಿದರು. ಬಿಡಲಿಲ್ಲ. 2023ರ ಆರಂಭಕ್ಕೆ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆಯಾದರು. ಆ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ನ್ಯೂಯಾರ್ಕಿನ ಕೊನೆಯ ಪಂದ್ಯ. ಹಿಂದೆ ಖುರೇಷಿಯವರೊಡನೆ ಸೋತ ಹದಿಮೂರು ವರ್ಷಗಳ ಮೇಲೆ.

ಆ ಪಂದ್ಯದ ನಡುವೆ ನಡೆದ ಸಣ್ಣ ಸಂಗತಿಯೊಂದು ನನ್ನ ಮನಸ್ಸಿನಿಂದ ಹೋಗದು. ಚೆಂಡು ಬಲೆಯನ್ನು ದಾಟುವ ಮುನ್ನ ಬೋಪಣ್ಣನವರ ತೋಳಿಗೆ ತುಸು ಸೋಂಕಿತು. ತೀರ್ಪುಗಾರರು ಕಾಣಲಿಲ್ಲ. ಎದುರಾಳಿಗಳೂ ಕೇಳಲಿಲ್ಲ. ಇವರೇ ಮುಂದೆ ಹೋಗಿ, ನನಗೆ ತಾಗಿತು, ಅಂಕ ಅವರದು ಎಂದರು. ಅಂಕ ಹೋಯಿತು, ಕಡೆಗೆ ಪಂದ್ಯವೂ ಹೋಯಿತು. ಪರೀಕ್ಷಾಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಕಾವಲು ನಿಂತವನಿಗೆ ಈ ಮಾತಿನ ಬೆಲೆ ಗೊತ್ತು. ಯಾರೂ ನೋಡದಿದ್ದಾಗ ಎದ್ದು ನಿಂತು ಹೇಳಿದ ಹುಡುಗರನ್ನು ನಾನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಲ್ಲೆನು.

ಇಷ್ಟೆಲ್ಲ ಹಿಂದಿದ್ದುದು ಆ ಶನಿವಾರ ಸಂಜೆ ಮೆಲ್ಬೋರ್ನಿನಲ್ಲಿ ನಡೆಯುತ್ತಿದ್ದ ಆಟದ ಹಿಂದೆ. ಎದುರಿಗೆ ಇಟಲಿಯ ಬೊಲೆಲ್ಲಿ, ವವಸ್ಸೋರಿ ಎಂಬಿಬ್ಬರು. ಮೊದಲ ಸೆಟ್ಟು ಆರಾರು ಸಮವಾಗಿ, ನಿರ್ಣಯದ ಆಟದಲ್ಲಿ ಇವರು ಒಂದು ಅಂಕವನ್ನೂ ಬಿಟ್ಟುಕೊಡದೆ ಏಳನ್ನು ಗೆದ್ದರು. ಎರಡನೆಯದು 7-5. ಮೊಮ್ಮಗನು ಕುರ್ಚಿಯ ಮೇಲೆ ಹತ್ತಿ ಕುಣಿದನು. ಬೋಪಣ್ಣನವರಿಗೆ ಅಂದು ವಯಸ್ಸು ನಲವತ್ತಮೂರು ತುಂಬಿ ನಲವತ್ತನಾಲ್ಕು ಸಮೀಪಿಸಿದ್ದಿತು. ವೃತ್ತಿಯ ಆಟಗಾರರಿಗೆ ಈ ಪಂದ್ಯಾವಳಿಗಳು ತೆರೆದ 1968ರಿಂದ ಈಚೆಗೆ ಪುರುಷರ ಜೋಡಿಯಾಟದಲ್ಲಿ ಇಷ್ಟು ವಯಸ್ಸಾದವರು ಗ್ರ್ಯಾಂಡ್ ಸ್ಲ್ಯಾಮ್ ಗೆದ್ದಿರಲಿಲ್ಲ. ಎರಡು ದಿನಗಳಲ್ಲಿ ಪ್ರಪಂಚದ ಜೋಡಿಯಾಟಗಾರರ ಪಟ್ಟಿಯಲ್ಲಿ ಮೊದಲ ಸ್ಥಾನ. ಪದ್ಮಶ್ರೀ ಪ್ರಶಸ್ತಿಯೂ ಆ ವಾರವೇ ಪ್ರಕಟವಾಗಿದ್ದಿತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮೊಣಕಾಲಿನ ನೋವೆಂದು ಮಗಳು ಎಣ್ಣೆ ಕಾಯಿಸಿ ತಂದಳು. ಬೇರೆ ಕಾರಣವನ್ನು ಅವಳಿಗೆ ಹೇಳಲಿಲ್ಲ. "ಎಲ್ಲಾದಕ್ಕೂ ಒಂದು ವಯಸ್ಸು ಅಂತ ಇರ್ತದ" ಎಂಬ ನನ್ನ ಮಾತು ನನಗೇ ಕೇಳಿಸುತ್ತಿದ್ದಿತು. ಮಸ್ಕಿಯಲ್ಲಿದ್ದಾಗ ಪ್ರತಿವರ್ಷವೂ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ದು ಅಶೋಕನ ಬಂಡೆಶಾಸನವನ್ನು ತೋರಿಸುತ್ತಿದ್ದೆನು. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರು ಅದನ್ನು ಕಂಡುದು, ದೇವಾನಾಂಪ್ರಿಯನೆಂಬುದರ ಜೊತೆಗೆ ಅಶೋಕನೆಂಬ ಹೆಸರೂ ಅದರಲ್ಲಿ ದೊರೆತುದು, ಇವನ್ನೆಲ್ಲ ಹೇಳಿ, ಕೊನೆಯಲ್ಲಿ ಅದರ ತಾತ್ಪರ್ಯವನ್ನು ಬಿಡಿಸುತ್ತಿದ್ದೆನು: ದೊಡ್ಡವನಿಗೆ ಮಾತ್ರವೇ ಇದು ಸಾಧ್ಯವೆಂದು ತಿಳಿಯಬೇಡಿರಿ, ಧರ್ಮದಲ್ಲಿ ತೊಡಗಿದರೆ ಚಿಕ್ಕವನಿಗೂ ದೊರೆಯುವುದು ಎಂದು ಅರಸನು ಹೇಳುತ್ತಾನೆ ಎಂದು. ಆ ಹೆಣ್ಣುಮಗಳೂ ಒಂದು ವರ್ಷ ಆ ಬಂಡೆಯ ಬಳಿ ನಿಂತು ಕೇಳಿದವಳೇ.

ಮರುದಿನವೇ ಮಸ್ಕಿಗೆ ಓಡಿದೆನೆಂದು ಬರೆದರೆ ಕಥೆಗೆ ಸೊಗಸಾದೀತು. ಆದರೆ ಅದು ಸುಳ್ಳು. ಹಿರಿಯನು ತಾನಾಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಮೆಟ್ಟಲು ಇಳಿಯುವುದಕ್ಕಿಂತ ಕಷ್ಟ. ಆರು ತಿಂಗಳು ಸುಮ್ಮನಿದ್ದೆನು. ಲಿಂಗಸುಗೂರಿಗೆ ಹೋಗುವಾಗ ಬಸ್ಸು ಮಸ್ಕಿಯಲ್ಲಿ ನಿಂತರೆ ಕಿಟಕಿಯ ಆಚೆ ನೋಡುತ್ತಿರಲಿಲ್ಲ.

2024ರ ಜುಲೈ ಕೊನೆಯಲ್ಲಿ ಪ್ಯಾರಿಸಿನ ಒಲಿಂಪಿಕ್ಸು. ಶ್ರೀರಾಮ ಬಾಲಾಜಿಯವರೊಡನೆ ಬೋಪಣ್ಣನವರು ಅದೇ ಕೆಂಪು ನೆಲಕ್ಕೆ ಇಳಿದರು. ಎದುರಿಗೆ ಫ್ರಾನ್ಸಿನ ಮೋಂಫಿಸ್. ಅವರ ಜೊತೆಗಾರರು ಹನ್ನೊಂದು ವರ್ಷದ ಹಿಂದೆ ಬೋಪಣ್ಣನವರ ಪಕ್ಕದಲ್ಲಿ ನಿಂತು ಆಡಿದ್ದ ರೊಜೆ-ವಾಸೆಲಿನ್. ಮೊದಲ ಸುತ್ತಿನಲ್ಲಿಯೇ 5-7, 2-6ರಿಂದ ಸೋಲು. ಭಾರತದ ಪರವಾಗಿ ಇದೇ ಕಡೆಯ ಆಟವೆಂದು ಬೋಪಣ್ಣನವರು ತಿಳಿಸಿದರು. ಗೆದ್ದ ದಿನಕ್ಕಿಂತ ಈ ಸೋತ ದಿನವೇ ನನ್ನನ್ನು ಏಳಿಸಿತು. ಏಕೆಂದರೆ ಸೋಲಬಹುದೆಂದು ತಿಳಿದಿದ್ದೂ ಅವರು ಅಲ್ಲಿಗೆ ಹೋಗಿದ್ದರು. ನಾನೋ ಆಕೆಯು ಪರೀಕ್ಷೆಯಲ್ಲಿ ಸೋತರೆಂಬ ಭಯದಿಂದ ಕೂರಿಸುವುದೇ ಬೇಡವೆಂದಿದ್ದೆನು.

ಮುಂದಿನ ರವಿವಾರ ಊರುಗೋಲು ಹಿಡಿದು ಮಸ್ಕಿಯಲ್ಲಿ ಇಳಿದೆನು. ಆಕೆಯು ಒಲೆಯ ಮುಂದಿದ್ದವಳು ಹಿಟ್ಟಿನ ಕೈಯಲ್ಲಿಯೇ ಎದ್ದು ಬಂದಳು. ಅಂದು ನಾನು ತಪ್ಪಾಡಿದೆನೆಂದು ಹೇಳಿ, ಏಕೆ ಓದಬೇಕೆಂದಿದ್ದೆಯವ್ವಾ ಎಂದು ಕೇಳಿದೆನು. "ಯಾವ ಫಾರ್ಮು ತುಂಬಿದ್ರೂ ಓದಿದ್ದು ಎಷ್ಟು ಅಂತ ಕೇಳ್ತಾರ್ರಿ. ಒಂಬತ್ತು, ಒಂಬತ್ತು ಅಂತ ಬರದು ಬರದು ಸಾಕಾಗೇತ್ರಿ" ಎಂದಳು. ಅಷ್ಟೇ ಕಾರಣ. ಅಷ್ಟು ಸಾಲದೆಂದು ಹೇಳಲು ನಾನಾರು?

2025ರ ಪರೀಕ್ಷೆಯಲ್ಲಿ ಆಕೆಯು ಭಾಷೆಗಳಲ್ಲಿಯೂ ಸಮಾಜದಲ್ಲಿಯೂ ವಿಜ್ಞಾನದಲ್ಲಿಯೂ ತೇರ್ಗಡೆಯಾದಳು; ಗಣಿತದಲ್ಲಿ ಉಳಿದಳು. ಗಣಿತವು ನನ್ನ ಕೈಯಲ್ಲಾಗುವ ಕೆಲಸವಲ್ಲ. ಕಾಲೇಜಿಗೆ ಹೋಗುತ್ತಿರುವ ಮಗಳು ಲೆಕ್ಕವನ್ನು ಹಿಡಿದಳು. ಆದರೆ ಪುಸ್ತಕದಲ್ಲಿರುವ ಹೆಸರುಗಳು ತಾಯಿಯನ್ನು ಬೆದರಿಸುತ್ತಿದ್ದವು: ಸಮಾಂತರ ಶ್ರೇಢಿ, ಬಹುಪದೋಕ್ತಿ, ತ್ರಿಕೋನಮಿತಿ. ಇವೆಲ್ಲ ನನ್ನ ಮನೆಯ ಮಾತುಗಳಲ್ಲವೇ? ಬಹು ಎಂದರೆ ಹಲವು, ಪದ ಎಂದರೆ ಇದು, ಉಕ್ತಿ ಎಂದರೆ ಹೇಳಿದುದು ಎಂದು ನಾನು ಒಡೆದು ಕೊಡುವೆನು. ಲೆಕ್ಕವನ್ನು ಮಗಳು ಬಿಡಿಸಿ ತೋರಿಸುವಳು. ರವಿವಾರದ ಪಾಠ ಹೀಗೆ ಸಾಗಿತು.

2025ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಬೋಪಣ್ಣನವರು ಆಟದಿಂದ ನಿವೃತ್ತರಾದರೆಂದು ಮೊಮ್ಮಗನು ಫೋನು ಮಾಡಿ ತಿಳಿಸಿದನು. ವಯಸ್ಸು ನಲವತ್ತೈದು. ಕಡೆಯ ಪಂದ್ಯ, ಮೊದಲ ಗ್ರ್ಯಾಂಡ್ ಸ್ಲ್ಯಾಮ್ ದೊರೆತ ಪ್ಯಾರಿಸಿನಲ್ಲಿಯೇ. ಕಜಕಸ್ತಾನದ ಬುಬ್ಲಿಕ್ ಅವರೊಡನೆ ಆಡಿ ಸೋತಿದ್ದರು. ಮರುದಿನ ರವಿವಾರ. ಪಾಠಕ್ಕೆ ಮುನ್ನ ಈ ಕಥೆಯನ್ನೆಲ್ಲ ತಾಯಿಮಗಳಿಗೆ ಹೇಳಿದೆನು; ಅದುವರೆಗೆ ಹೇಳಿರಲಿಲ್ಲ. ಮಗಳು ಪ್ರಶಸ್ತಿ ಎಷ್ಟು, ಹಣ ಎಷ್ಟು ಎಂದು ಕೇಳಿದಳು. ತಾಯಿ ಎಲ್ಲವನ್ನೂ ಕೇಳಿ, ನನ್ನ ಕಾಲ ಕೆಳಕ್ಕೆ ಮಣೆಯೊಂದನ್ನು ಸರಿಸುತ್ತ, "ಈಗ ಅವ್ರ ಮೊಣಕಾಲು ಹೆಂಗದಾವ್ರಿ ಸರ?" ಎಂದಳು.

ಇದಕ್ಕೆ ಏನು ಹೇಳಬೇಕೆಂದು ನಾನು ಯೋಚಿಸುತ್ತಿರುವಷ್ಟರಲ್ಲಿ ಮಗಳು ಶ್ರೇಢಿಯ ಪುಟವನ್ನು ತೆರೆದು, ಮೂರನೆಯ ಲೆಕ್ಕದ ಪ್ರಶ್ನೆಯನ್ನು ಓದೆಂದು ತಾಯಿಗೆ ಪುಸ್ತಕವನ್ನು ಕೊಟ್ಟಳು.